ಕಾಜಾ ಒಂದೇ ಬಾಕಿ

ನಗರಸಭೆಯಲ್ಲಿ ಇಂದು ಆಡಳಿತ ನಡೆಸುತ್ತಿರುವ ‘ದುಡಿಯುವ ನಾಗರಿಕರ ರಂಗ’ ಎಂಬ ಎಡಪಂಥೀಯ ಪಕ್ಷವು ಯಾವುದೇ ಗ್ರಂಥದಿಂದಾಗಲಿ, ಮುಷ್ಕರದಿಂದಾಗಲಿ, ಗೋಲಿಬಾರಿನಿಂದಾಗಲಿ ಹುಟ್ಟಿದ್ದಲ್ಲ. ಅದು ಒಂದು ಲಿಫ್ಟ್ ಕೆಟ್ಟು ನಿಂತದ್ದರಿಂದಲೂ, ಒಬ್ಬ ಟೈಲರ್ ಬಳಿ ಕೆಂಪು ಲೈನಿಂಗ್ ಬಟ್ಟೆ ಮಿಕ್ಕಿದ್ದರಿಂದಲೂ ಹುಟ್ಟಿದ್ದು. ಪಕ್ಷ ಇದನ್ನು ಎಂದೂ ಮುಚ್ಚಿಟ್ಟಿಲ್ಲ. ಮುಚ್ಚಿಡುವಂಥದ್ದು ಇದರಲ್ಲಿ ಏನಿದೆ ಎಂದು ಪಕ್ಷದವರು ಈಗಲೂ ನಿಜವಾಗಿಯೇ ಕೇಳುತ್ತಾರೆ.

ಲಿಫ್ಟ್ ಇದ್ದದ್ದು ನಗರಸಭೆಯೇ ಕಟ್ಟಿ ಬಾಡಿಗೆಗೆ ಕೊಟ್ಟ ಏಳು ಮಹಡಿಯ ಕಟ್ಟಡದಲ್ಲಿ. ಟೈಲರ್ ತನ್ನ ತಾಯಿಯ ಜೊತೆ ಆರನೇ ಮಹಡಿಯಲ್ಲಿದ್ದ. ಅಂಗಡಿ ನೆಲಮಹಡಿಯಲ್ಲಿ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ. ಒಂದು ಹೊಲಿಗೆ ಯಂತ್ರ, ಕಟಿಂಗ್ ಮೇಜು, ಇಸ್ತ್ರಿಪೆಟ್ಟಿಗೆ, ಬಾಗಿಲ ಪಕ್ಕ ಒಂದು ಸ್ಟೂಲು. ಅಷ್ಟಕ್ಕೇ ಜಾಗ ಮುಗಿಯುತ್ತಿತ್ತು. ಸ್ಟೂಲು ಅಮ್ಮನದು. ಅಂಗಿಗೆ ಗುಂಡಿ ತೂರಿಸುವ ಕಾಜಾ ಇದೆಯಲ್ಲ, ಅದನ್ನು ಕೈಯಲ್ಲೇ ಹೊಲಿಯುವುದು ಅವಳ ಕೆಲಸ. ಬೀದಿಗೆ ಮುಖ ಮಾಡಿ ಕೂತು, ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತ, ಯಾರ ಮಗು ಕೆಮ್ಮುತ್ತಿದೆ, ಯಾರ ಮನೆಯಲ್ಲಿ ಮುನಿಸು ಎಂಬುದನ್ನೆಲ್ಲ ವಿಚಾರಿಸಿಕೊಳ್ಳುತ್ತ, ಕಣ್ಣು ಬಟ್ಟೆಯ ಮೇಲಿಡದೆಯೇ ಕಾಜಾ ಹೊಲಿದು ಮುಗಿಸುತ್ತಿದ್ದಳು.

ಗಿರಾಕಿಗೂ ಟೈಲರ್‌ಗೂ ನಡುವೆ ಒಂದು ಮಾತಿತ್ತು. ಹೇಳಿದ ದಿನಕ್ಕೆ ಗಿರಾಕಿ ಬಂದರೆ, ಟೈಲರ್ ಕೊರಳಿನ ಟೇಪನ್ನು ಎರಡೂ ಕೈಯಿಂದ ಹಿಡಿದು, ತುಂಬು ವಿಶ್ವಾಸದಿಂದ, “ಎಲ್ಲ ಆಗಿದೆ. ಕಾಜಾ ಒಂದೇ ಬಾಕಿ. ನಾಳೆ ಬನ್ನಿ” ಎನ್ನುತ್ತಿದ್ದ. ಆಗ ಅಮ್ಮ ಸೂಜಿಯನ್ನು ಸ್ವಲ್ಪ ಮೇಲೆತ್ತಿ ತೋರಿಸುತ್ತಿದ್ದಳು. ಆ ಹೊತ್ತಿನಲ್ಲಿ ಗಿರಾಕಿಯ ಬಟ್ಟೆ, ಅವನು ಕೊಟ್ಟಾಗ ಹೇಗಿತ್ತೋ ಹಾಗೆಯೇ, ಮಡಿಕೆ ಬಿಚ್ಚದೆ ಶೆಲ್ಫಿನ ಮೇಲಿರುತ್ತಿತ್ತು. ಗಿರಾಕಿ ಸಮಾಧಾನವಾಗಿ ಮನೆಗೆ ಹೋಗುತ್ತಿದ್ದ. ಅಪ್ಪ ಬದುಕಿದ್ದಾಗಲೂ ಇದೇ ಮಾತು, ಇದೇ ಸೂಜಿ. ಇದನ್ನು ಸುಳ್ಳು ಎನ್ನುವವರು ಹೊಲಿಗೆಯ ಗಂಧಗಾಳಿ ಇಲ್ಲದವರು. ನಿನ್ನ ಮದುವೆ ಯಾವಾಗಪ್ಪ ಎಂದು ಯಾರಾದರೂ ಕೇಳಿದರೂ ಟೈಲರ್ ಇದನ್ನೇ ಹೇಳುತ್ತಿದ್ದ. ಹಾಗೆ ಹೇಳುತ್ತಲೇ ಅವನ ತಲೆಕೂದಲು ಅರ್ಧ ಬೆಳ್ಳಗಾಗಿತ್ತು.

ಹೀಗಿರುವಾಗ ಒಂದು ಸಂಜೆ ಅಮ್ಮನನ್ನು ಆರನೇ ಮಹಡಿಗೆ ಬಿಟ್ಟು ಲಿಫ್ಟ್ ಉಸಿರು ಚೆಲ್ಲಿತು. ಮತ್ತೆ ಏಳಲಿಲ್ಲ. ಅಮ್ಮನ ಮಂಡಿ ಒಂದು ಮೆಟ್ಟಿಲಿಗೇ ಬೇಡ ಎನ್ನುವಂಥದ್ದು. ಎತ್ತಿಕೊಂಡು ಇಳಿಸುತ್ತೇವೆ ಎಂದು ನೆರೆಯವರು ತೋಳು ಮಡಚಿಕೊಂಡು ಬಂದರು. ನಾನೇನು ಬೀರುವೇ, ಹೊತ್ತುಕೊಂಡು ಹೋಗುವ ಕಾಲ ಇನ್ನೂ ಬಂದಿಲ್ಲ, ಬಂದಾಗ ನಾನು ಬೇಡವೆಂದರೂ ನೀವು ಬಿಡುವವರಲ್ಲ ಎಂದು ಅವಳು ಬಾಗಿಲು ಹಾಕಿಕೊಂಡಳು. ಅಂದಿನಿಂದ ಕಾಜಾ ಹೊಲಿಯಬೇಕಾದ ಅಂಗಿಗಳು ಬುಟ್ಟಿಯಲ್ಲಿ ಕೂತು, ಹಗ್ಗ ಕಟ್ಟಿಸಿಕೊಂಡು, ಕಿಟಕಿಯ ಮೂಲಕ ಮೇಲೆ ಹೋಗಿ ಕೆಳಗೆ ಬರತೊಡಗಿದವು. ಸ್ಟೂಲು ಖಾಲಿ ಉಳಿಯಿತು. ಟೈಲರ್ ಯಂತ್ರ ತುಳಿಯುತ್ತ ಅಭ್ಯಾಸಬಲದಿಂದ ಆ ಕಡೆ ತಿರುಗಿ ಏನಾದರೂ ಹೇಳುತ್ತಿದ್ದ. ಸ್ಟೂಲು ಖಾಲಿಯೆಂದು ನೆನಪಾಗಿ ಮತ್ತೆ ಯಂತ್ರ ತುಳಿಯುತ್ತಿದ್ದ. ಅಮ್ಮನನ್ನು ಆ ಸ್ಟೂಲಿಗೆ ವಾಪಸು ತರಬೇಕು, ಅವನಿಗೆ ಬೇಕಾದದ್ದು ಅಷ್ಟೇ. ಪಕ್ಷ, ಸಿದ್ಧಾಂತ, ಕ್ರಾಂತಿ, ಇದಾವುದೂ ಅವನ ಕನಸಿನಲ್ಲೂ ಇರಲಿಲ್ಲ.

ಅವನು ನಗರಸಭೆಗೆ ದೂರು ಕೊಡಲು ಹೋದ. ಅಲ್ಲಿಯ ಗುಮಾಸ್ತರು ಒಳ್ಳೆಯ ಮನುಷ್ಯ. ಕೂರಿಸಿ, ಬೆವರು ಒರೆಸಿಕೊಳ್ಳಲು ಬಿಟ್ಟು, ನಿಯಮವನ್ನು ನಿಧಾನವಾಗಿ ತಿಳಿಸಿದರು. ಲಿಫ್ಟ್ ಸಾರ್ವಜನಿಕ ಸೊತ್ತು. ಸಾರ್ವಜನಿಕ ಸೊತ್ತಿನ ಬಗ್ಗೆ ಖಾಸಗಿ ವ್ಯಕ್ತಿಗೆ ದುಃಖಪಡುವ ಹಕ್ಕಿಲ್ಲ. ನಿವಾಸಿಗಳ ಸಂಘವಾದರೆ ದುಃಖಪಡಬಹುದು. ಆದರೆ ಸಂಘದ ಮೊದಲ ಸಭೆ ಕಟ್ಟಡದ ಸಭಾಂಗಣದಲ್ಲೇ ನಡೆಯತಕ್ಕದ್ದು. ಸಭಾಂಗಣ ಏಳನೇ ಮಹಡಿಯಲ್ಲಿದೆ. ಮೆಟ್ಟಿಲು ಹತ್ತಿಕೊಂಡೇ ಹೋಗಿ ಸಭೆ ಮಾಡುತ್ತೇವೆ ಎಂದ ಟೈಲರ್. ಗುಮಾಸ್ತರು ಮರುಗಿದರು. ನಕ್ಷೆಯ ಪ್ರಕಾರ ಮೆಟ್ಟಿಲು ಇರುವುದು ಬೆಂಕಿ ಬಿದ್ದಾಗ ಇಳಿಯುವುದಕ್ಕೆ. ಹತ್ತುವುದಕ್ಕೆ ಅನುಮತಿಯಿಲ್ಲ. ಹತ್ತಿ ಬಂದವರ ಹಾಜರಾತಿ ಊರ್ಜಿತವಾಗುವುದಿಲ್ಲ. ಹಾಗಾದರೆ ಚಂದಾ ಎತ್ತಿ ನಾವೇ ರಿಪೇರಿ ಮಾಡಿಸಿಕೊಳ್ಳುತ್ತೇವೆ ಎಂದದ್ದಕ್ಕೆ, ಸರ್ಕಾರಿ ಸೊತ್ತಿಗೆ ಕೈ ಹಾಕಿದರೆ ಜೈಲು ಎಂದು ಅವರು ಅಷ್ಟೇ ಪ್ರೀತಿಯಿಂದ ಹೇಳಿದರು.

ಟೈಲರ್ ಎದ್ದು ಹೊರಟಾಗ ಗುಮಾಸ್ತರಿಗೆ ಪಾಪ ಅನ್ನಿಸಿತು. “ನೋಡಿ, ಒಂದು ಪಕ್ಷ ಕಟ್ಟಿಬಿಡಿ” ಎಂದರು. “ಪಕ್ಷ ಅಂದ್ರೆ ಏನೂ ಬೇಕಾಗಿಲ್ಲ. ಹೆಸರು, ಬಾವುಟ, ಒಂದು ಉದ್ದೇಶ, ಒಂದು ಸಿದ್ಧಾಂತ. ಗೆದ್ದು ಸಭೆಯೊಳಗೆ ಬಂದ್ರೆ ಎದ್ದು ನಿಂತು ಏನು ಬೇಕಾದ್ರೂ ಕೇಳಬಹುದು. ನಿಜವಾಗಿ ಬೇಕಾಗಿರೋದನ್ನೂ ಕೇಳಬಹುದು, ಅಡ್ಡಿಯಿಲ್ಲ.”

ಬಾವುಟಕ್ಕೆ ಬಟ್ಟೆ ಹುಡುಕಿದರೆ ಅಂಗಡಿಯಲ್ಲಿ ಟೈಲರ್‌ನದೇ ಎನ್ನುವಂಥ ಬಟ್ಟೆ ಒಂದೇ ಇತ್ತು: ಕೆಂಪು ಲೈನಿಂಗ್. ಊರಿನ ಬ್ಯಾಂಡ್‌ನವರು ಕೋಟು ಹೊಲಿಯಲು ಕೊಟ್ಟಿದ್ದರು. ಕಾಜಾ ಒಂದೇ ಬಾಕಿ ಎಂದು ಟೈಲರ್ ಹೇಳುತ್ತ ಬಂದ. ಕಾದು ಕಾದು ಬ್ಯಾಂಡೇ ಒಡೆದುಹೋಯಿತು. ತುತ್ತೂರಿಯವ ಬೇಕರಿಯಲ್ಲಿ ಕೆಲಸಕ್ಕೆ ಸೇರಿದ, ಡೋಲಿನವ ಊರು ಬಿಟ್ಟ. ಕೋಟಿಗೆಂದು ಟೈಲರ್ ತನ್ನ ದುಡ್ಡಿನಲ್ಲಿ ತಂದಿಟ್ಟಿದ್ದ ಲೈನಿಂಗ್ ಮಾತ್ರ ಉಳಿಯಿತು. ಅದನ್ನೇ ಕತ್ತರಿಸಿ, ಅಂಚು ಮಡಚಿ, ಚೊಕ್ಕವಾಗಿ ಹೊಲಿದು ಗುಮಾಸ್ತರ ಮೇಜಿನ ಮೇಲೆ ಹರಡಿದಾಗ ಅವರು ತಲೆದೂಗಿ, “ಎಡ” ಎಂದರು.

“ಎಡ ಅಲ್ಲ ಸಾರ್, ಲಿಫ್ಟ್.”

“ಲಿಫ್ಟ್ ಅನ್ನೋ ಸಿದ್ಧಾಂತ ಇಲ್ಲ. ಎಡ, ಬಲ, ನಡು, ಮೂರೇ ಇರೋದು. ಬಾವುಟ ಕೆಂಪು ಅಂದ್ಮೇಲೆ ನೀವು ಎಡ. ಬೇಡ ಅಂದ್ರೆ ಬಟ್ಟೆ ಬದಲಾಯಿಸಿ.”

ಟೈಲರ್ ಯೋಚಿಸಿದ. ಬೇರೆ ಬಟ್ಟೆಯೆಂದರೆ ಗಿರಾಕಿಗಳದು. ಗಿರಾಕಿಯ ಬಟ್ಟೆಯನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬಹುದು, ಆದರೆ ಬೇರೆಯದಕ್ಕೆ ಕತ್ತರಿಸುವಂತಿಲ್ಲ. ಕಸುಬಿಗೂ ಒಂದು ಮರ್ಯಾದೆ ಇದೆ. ಹೀಗಾಗಿ ಅವನು ಎಡಪಂಥೀಯನಾದ. ಉದ್ದೇಶ ಏನೆಂದು ಕೇಳಿದಾಗ “ಲಿಫ್ಟ್ ದುರಸ್ತಿ” ಎಂದ. ಸ್ಥಾಪಕರು ಯಾರೆಂದು ಕೇಳಿದಾಗ ತನ್ನ ಹೆಸರು, ಅಮ್ಮನ ಹೆಸರು, ಆ ಹೊತ್ತಿಗೆ ನೆನಪಾದ ಮೇಷ್ಟ್ರ ಹೆಸರು ಹೇಳಿದ. ವಿಳಾಸ, ಮೆಟ್ಟಿಲ ಕೆಳಗಿನ ಅಂಗಡಿ.

ಮೇಷ್ಟ್ರು ಮೂರನೇ ಮಹಡಿಯವರು. ಇತಿಹಾಸ ಕಲಿಸಿ ನಿವೃತ್ತರಾಗಿದ್ದರು. ಒಂದು ದಪ್ಪ ಪುಸ್ತಕದ ಮೊದಲ ಸಂಪುಟವನ್ನು ಮದುವೆಗೆ ಮುಂಚೆ ಓದಲು ಹಿಡಿದವರು, ಮೊಮ್ಮಕ್ಕಳಾದರೂ ಎರಡನೆಯದಕ್ಕೆ ಬಂದಿರಲಿಲ್ಲ. ಇಂಥದ್ದೊಂದು ಪಕ್ಷ ತಮ್ಮ ಮನೆ ಬಾಗಿಲಿಗೇ ಬರುತ್ತದೆಂದು ಅವರು ಎಣಿಸಿರಲಿಲ್ಲ. ಕೇಳಿದ್ದೇ ಕಣ್ಣೀರು ತುಂಬಿಕೊಂಡು, ಅಂಗಡಿಗೆ ಇಳಿದು ಬಂದು, ಖಾಲಿ ಸ್ಟೂಲಿನ ಮೇಲೆ ಕೂತರು. ಟೈಲರ್‌ಗೆ ಅದು ಚೂರೂ ಹಿಡಿಸಲಿಲ್ಲ. ಆದರೆ ಹೊರಗಿನಿಂದ ಬಂದ ಸಿದ್ಧಾಂತಕ್ಕೆ ಎಲ್ಲಾದರೂ ಕೂರಲು ಜಾಗ ಕೊಡಲೇಬೇಕಲ್ಲ.

ಮೊದಲ ದಿನವೇ ತೊಡಕು ಎದುರಾಯಿತು. ಪುಸ್ತಕದ ಪ್ರಕಾರ ಮೇಲಿನವರು ಕೆಳಗಿನವರನ್ನು ತುಳಿಯುತ್ತಾರೆ. ಈ ಕಟ್ಟಡದಲ್ಲಿ ಮೇಲಿನವರು ಗೋಧಿಹಿಟ್ಟಿನ ಚೀಲ ಹೊತ್ತು ಏದುಸಿರು ಬಿಡುತ್ತ ಹತ್ತುತ್ತಿದ್ದರು. ಕೆಳಗಿನವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅದನ್ನು ನೋಡುತ್ತಿದ್ದರು. ಮೇಷ್ಟ್ರು ಎರಡು ದಿನ ಊಟ ಬಿಟ್ಟು ಯೋಚಿಸಿ, ಇತಿಹಾಸದಲ್ಲೇ ಮೊದಲ ಬಾರಿಗೆ ಶೋಷಿತರು ಮೇಲಿನ ಮಹಡಿಗಳಲ್ಲಿ ವಾಸವಾಗಿದ್ದಾರೆ, ಆದ್ದರಿಂದ ಕ್ರಾಂತಿ ಮೇಲಿನಿಂದ ಕೆಳಗೆ ಇಳಿಯಬೇಕಾಗಿದೆ ಎಂದು ಘೋಷಿಸಿದರು. ಸ್ವತಃ ಮೂರನೇ ಮಹಡಿಯಲ್ಲಿದ್ದ ತಮ್ಮನ್ನು ಅವರು ನಡುವಿನ ವರ್ಗ ಎಂದು ಕರೆದುಕೊಂಡು, ಸ್ವಲ್ಪ ನಾಚಿಕೊಂಡರು.

ಪ್ರಣಾಳಿಕೆಯನ್ನು ಮೇಷ್ಟ್ರು ಬರೆದರು, ಟೈಲರ್ ಅಳತೆ ನೋಡಿದ. ಬಟ್ಟೆ ಹೊಲಿಯುವಾಗ ಒಳಗೆ ಎರಡು ಬೆರಳಷ್ಟು ಬಿಟ್ಟಿರಬೇಕು, ನಾಳೆ ಗಿರಾಕಿ ದಪ್ಪಗಾದರೆ ಬಿಚ್ಚಿ ಹೊಲಿಯಬಹುದು ಎಂಬುದು ಅವನ ಪಾಠ. ಆ ಪ್ರಕಾರ, “ಲಿಫ್ಟನ್ನು ದುರಸ್ತಿ ಮಾಡಲಾಗುವುದು” ಎಂಬ ಸಾಲು “ಲಿಫ್ಟನ್ನು ದುರಸ್ತಿಯ ದಿಕ್ಕಿನಲ್ಲಿ ದೃಢವಾಗಿ ಮುನ್ನಡೆಸಲಾಗುವುದು” ಎಂದು ಬದಲಾಯಿತು. ಮೇಷ್ಟ್ರು ಬೆರಗಾದರು. ಇಷ್ಟು ಸಡಿಲವಾದ ವಾಕ್ಯ ಅವರ ದಪ್ಪ ಪುಸ್ತಕದಲ್ಲೂ ಇರಲಿಲ್ಲ.

ಪ್ರಚಾರ ಸಭೆಗಳು ಶುರುವಾದವು. ಮೇಷ್ಟ್ರು ಎದ್ದರೆ ಜನ ಏಳುತ್ತಿದ್ದರು, ಮನೆಗೆ ಹೋಗಲು. ಟೈಲರ್‌ಗೋ ಭಾಷಣ ಬರುತ್ತಿರಲಿಲ್ಲ. ಒಂದು ಬೀದಿಯಲ್ಲಿ ಜನ ಅವನನ್ನು ಸುತ್ತುವರಿದು, ನಮ್ಮ ನಲ್ಲಿಯಲ್ಲಿ ನೀರು ಬರುವುದಿಲ್ಲ, ದೀಪ ಉರಿಯುವುದಿಲ್ಲ, ನೀನು ಬಂದು ಏನು ಕಿಸಿಯುತ್ತೀಯ ಎಂದು ತರಾಟೆಗೆ ತೆಗೆದುಕೊಂಡರು. ಟೈಲರ್ ಗಾಬರಿಯಾದ. ಗಾಬರಿಯಾದಾಗ ಕೈ ತಾನಾಗಿಯೇ ಕೊರಳಿನ ಟೇಪಿಗೆ ಹೋಯಿತು, ಬಾಯಿ ತಾನಾಗಿಯೇ ತೆರೆಯಿತು. “ನಿಮ್ಮದೆಲ್ಲ ಆಗಿದೆ. ಕಾಜಾ ಒಂದೇ ಬಾಕಿ. ನಾಳೆ ಬನ್ನಿ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಒಬ್ಬ ನಿಟ್ಟುಸಿರು ಬಿಟ್ಟ. ಇಷ್ಟು ವರ್ಷ ಬಂದ ಪಕ್ಷಗಳೆಲ್ಲ ಮಾಡುತ್ತೇವೆ, ನೋಡುತ್ತೇವೆ ಎಂದಿದ್ದವೇ ಹೊರತು, ಆಗಿದೆ ಎಂದವರು ಇವರೊಬ್ಬರೇ. ಜನ ಸಮಾಧಾನವಾಗಿ ಮನೆಗೆ ಹೋದರು. ಆಮೇಲೆ ಎಲ್ಲ ಬೀದಿಯಲ್ಲೂ ಅದೇ ಮಾತು, ಅದೇ ಟೇಪು. ಪಕ್ಷದ ಚಿಹ್ನೆ ಯಾವುದಿರಲಿ ಎಂಬ ಪ್ರಶ್ನೆ ಬಂದಾಗ ಎಲ್ಲರೂ ತಲೆಯೆತ್ತಿ ಆರನೇ ಮಹಡಿ ನೋಡಿದರು. ಹಗ್ಗದ ಬುಟ್ಟಿಯೇ ಚಿಹ್ನೆಯಾಯಿತು. ಕಿಟಕಿಯಲ್ಲಿ ಸೂಜಿ ಹಿಡಿದು ಕೂತ ಅಮ್ಮನ ಚಿತ್ರ ಗೋಡೆಗೋಡೆಯ ಮೇಲೆ ಬಂತು, ಕೆಳಗೆ “ಇವರನ್ನು ಇಳಿಸಿ” ಎಂಬ ಒಕ್ಕಣೆ. ಅಧಿಕಾರದಲ್ಲಿದ್ದವರು ಇದು ತಮ್ಮ ಬಗ್ಗೆಯೇ ಇರಬೇಕೆಂದು ಹೆದರಿದರು. ಚುನಾವಣೆಯಲ್ಲಿ ಪಕ್ಷ ಗೆದ್ದೇ ಗೆದ್ದಿತು. ಟೈಲರ್ ನಗರಸಭೆಯ ಅಧ್ಯಕ್ಷನಾದ.

ಅಧ್ಯಕ್ಷನ ಕುರ್ಚಿ ತಿರುಗುವಂಥದ್ದು. ಜೀವಮಾನವಿಡೀ ಗಿರಾಕಿಗಳಿಂದ ಬೈಸಿಕೊಂಡವನಿಗೆ ಈಗ ಜನ ಕೈಮುಗಿದು ಕಾಯುತ್ತಿದ್ದರು, ನಾಳೆ ಬನ್ನಿ ಎಂದರೆ ಧನ್ಯವಾದ ಹೇಳಿ ಹೋಗುತ್ತಿದ್ದರು. ಸುಳ್ಳೇಕೆ, ಅವನಿಗೆ ಅದು ತುಂಬಾ ಹಿಡಿಸಿತು. ಆದರೂ ಮೊದಲ ಆದೇಶವನ್ನು ಅವನು ಲಿಫ್ಟ್ ಮೆಕ್ಯಾನಿಕ್‌ಗೇ ಕಳಿಸಿದ, ಅಷ್ಟನ್ನು ಒಪ್ಪಬೇಕು. ಬುಟ್ಟಿಯಲ್ಲಿ ಒಂದು ಚೀಟಿಯನ್ನೂ ಅಮ್ಮನಿಗೆ ಕಳಿಸಿದ: ಇವತ್ತು ಇಳಿಯುತ್ತೀಯ, ಸಿದ್ಧವಾಗಿರು.

ಮೆಕ್ಯಾನಿಕ್ ಬಂದು ಮುಚ್ಚಳ ಬಿಚ್ಚಿ, ಒಳಗೆ ಇಣುಕಿ, ನಕ್ಕುಬಿಟ್ಟ. ಒಂದು ವೈರ್ ಕಳಚಿಕೊಂಡಿತ್ತು. ಅಷ್ಟೇ. ಟೀ ತರಿಸಿ, ಅದು ಆರುವುದರೊಳಗೆ ಮುಗಿಸುತ್ತೇನೆ ಎಂದ.

ಟೀ ಬಂತು. ಅದರ ಹಿಂದೆಯೇ ಗುಮಾಸ್ತರೂ ಬಂದರು, ಮುಖ ಬಾಡಿತ್ತು. ಒಳ್ಳೆಯ ಮನುಷ್ಯರು, ಮೊದಲೇ ಹೇಳಿದಂತೆ. ಅಧ್ಯಕ್ಷರನ್ನು ಅಂಗಡಿಯ ಬಾಗಿಲಿಗೆ ಕರೆದು ನಿಯಮ ತಿಳಿಸಿದರು. ಉದ್ದೇಶ ಈಡೇರಿದ ಪಕ್ಷವು ಈಡೇರಿದ ಕ್ಷಣದಿಂದಲೇ ವಿಸರ್ಜನೆಗೊಳ್ಳತಕ್ಕದ್ದು. ಅದರ ಸದಸ್ಯರು ಕೂತಿದ್ದ ಕುರ್ಚಿಗಳನ್ನು ಕೂಡಲೇ ತೆರವು ಮಾಡತಕ್ಕದ್ದು. ಇಂಥದ್ದೊಂದು ನಿಯಮವನ್ನು ಇದುವರೆಗೆ ಬಳಸಬೇಕಾಗಿ ಬಂದಿರಲಿಲ್ಲ, ಯಾಕೆಂದರೆ ಯಾವ ಪಕ್ಷದ ಉದ್ದೇಶವೂ ಈಡೇರಿದ ದಾಖಲೆಯಿಲ್ಲ.

ಹಾಗಾದರೆ ಉದ್ದೇಶವನ್ನೇ ಬದಲಾಯಿಸೋಣ ಎಂದರು ಸ್ಟೂಲಿನ ಮೇಲೆ ಕೂತಿದ್ದ ಮೇಷ್ಟ್ರು. ಬದಲಾಯಿಸಬಹುದು, ಆದರೆ ಸ್ಥಾಪಕರೆಲ್ಲರೂ ನೋಂದಾಯಿತ ವಿಳಾಸದಲ್ಲಿ, ಅಂದರೆ ಈ ಅಂಗಡಿಯಲ್ಲೇ, ಖುದ್ದಾಗಿ ಸೇರಬೇಕು ಎಂದರು ಗುಮಾಸ್ತರು. ಒಬ್ಬ ಸ್ಥಾಪಕಿ ಆರನೇ ಮಹಡಿಯಲ್ಲಿದ್ದಾಳೆ. ಲಿಫ್ಟ್ ಆಗದೆ ಅವಳು ಇಳಿಯುವಂತಿಲ್ಲ. ಲಿಫ್ಟ್ ಆದರೆ ಅವಳು ಇಳಿದು ಬರುವ ಹೊತ್ತಿಗೆ ಪಕ್ಷವೇ ಇರುವುದಿಲ್ಲ.

“ಒಂದು ವೈರಿಗೆ ಇಡೀ ಚಳವಳಿಯನ್ನು ಬಲಿಕೊಡ್ತೀರಾ?” ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು. ಕಾಯಂ ಕೂರಲು ಸಿಕ್ಕ ಸ್ಟೂಲನ್ನು ಬಿಡುವುದು ಯಾರಿಗೂ ಸುಲಭವಲ್ಲ.

ಟೈಲರ್ ಅತ್ತ ಇತ್ತ ನೋಡಿದ. ಒಂದು ಕಣ್ಣು ಸ್ಟೂಲಿನ ಮೇಲೆ, ಇನ್ನೊಂದು ಮೆಕ್ಯಾನಿಕ್‌ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಮೇಲೆ. ಅಮ್ಮ ಇಳಿದು ಬರುತ್ತಾಳೆ, ಇಲ್ಲಿ ಕೂರುತ್ತಾಳೆ, ಸರಿ. ಆಮೇಲೆ ತಾನೂ ಇಲ್ಲೇ ಕೂತು, ಬೈಸಿಕೊಳ್ಳುತ್ತ, ಸಾಯುವವರೆಗೆ ಪ್ಯಾಂಟಿನ ಕಾಲು ಮಡಚಬೇಕು. ಕೊನೆಗೆ ಕೈ ಟೇಪಿಗೆ ಹೋಯಿತು. “ನಾಳೆ ಬಾಪ್ಪ” ಎಂದ ಮೆಕ್ಯಾನಿಕ್‌ಗೆ. ಮೆಕ್ಯಾನಿಕ್ ತಕರಾರು ಮಾಡದೆ ಟೀ ಕುಡಿದು, ಮುಚ್ಚಳ ಮುಚ್ಚಿದ. ಅವನನ್ನು ಅಂದೇ ‘ಲಿಫ್ಟ್ ದುರಸ್ತಿ ಪ್ರಗತಿ ಅಧಿಕಾರಿ’ ಎಂದು ಕಾಯಂ ನೇಮಕ ಮಾಡಿಕೊಳ್ಳಲಾಯಿತು.

ಟೈಲರ್ ಮೆಟ್ಟಿಲು ಹತ್ತಿದ. ಬಾಗಿಲು ತೆರೆದೇ ಇತ್ತು. ಅಮ್ಮ ಹೊರಗೆ ಹೋಗುವಾಗ ಉಡುವ ಬಟ್ಟೆ ಉಟ್ಟು, ತಲೆ ಬಾಚಿಕೊಂಡು, ಚಪ್ಪಲಿ ಹಾಕಿಕೊಂಡು, ಸೂಜಿದಾರದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ಲಿಫ್ಟ್ ಬಿಟ್ಟು ಮೆಟ್ಟಿಲಿಂದ ಬಂದ ಮಗನನ್ನು ನೋಡಿದಳು. ಏನೂ ಗೊತ್ತಾಗದವಳ ಹಾಗೆ, “ಆಯ್ತೇನೋ?” ಎಂದಳು.

“ಆಗೋಯ್ತಮ್ಮ. ಎಲ್ಲ ಆಗಿದೆ” ಎಂದ ಟೈಲರ್. ಮುಂದಿನದು ಬೇಡ ಬೇಡವೆಂದರೂ ನಾಲಿಗೆಗೆ ಬಂದೇಬಿಟ್ಟಿತು. “ಕಾಜಾ ಒಂದೇ ಬಾಕಿ.”

ಊರಿನಲ್ಲಿ ಯಾರ ಮುಂದೆ ಬೇಕಾದರೂ ಆಡಬಹುದಾದ ಆ ಮಾತನ್ನು, ಆಡಬಾರದ ಒಬ್ಬಳೇ ಒಬ್ಬಳ ಮುಂದೆ ಅವನು ಆಡಿಬಿಟ್ಟಿದ್ದ. ಅಮ್ಮ ಬಗ್ಗಿ ಒಂದು ಚಪ್ಪಲಿ ಕಳಚಿದಳು, ಆಮೇಲೆ ಇನ್ನೊಂದನ್ನು. ಎರಡನ್ನೂ ಜೋಡಿಸಿ ಮಂಚದ ಕೆಳಗೆ ತಳ್ಳಿದಳು.

“ಬಟ್ಟೆನಾದ್ರೂ ಕತ್ತರಿಸಿದೀಯೇನೋ?” ಎಂದು ಕೇಳಿದಳು.

ಟೈಲರ್ ಮೆಟ್ಟಿಲಿಳಿದು ಹೋದ. ಅಂದಿನಿಂದ ಅಮ್ಮ ಅವನ ಜೊತೆ ಮಾತು ಬಿಟ್ಟಳು. ಅವನು ಕಳಿಸಿದ ಅಂಗಿಗಳು ಕಾಜಾ ಇಲ್ಲದೆಯೇ ಬುಟ್ಟಿಯಲ್ಲಿ ವಾಪಸು ಬಂದವು.

ಆಡಳಿತಕ್ಕೆ ಇದರಿಂದ ಯಾವ ತೊಂದರೆಯೂ ಆಗಲಿಲ್ಲ ಎಂಬುದನ್ನು ಇಲ್ಲಿ ತಿಳಿಸತಕ್ಕದ್ದು. ಜನ ಬುಟ್ಟಿಯಲ್ಲಿ ಅರ್ಜಿ ಹಾಕತೊಡಗಿದರು. ನಗರಸಭೆಯೂ ಅದನ್ನು ಅಧಿಕೃತ ಸ್ವೀಕೃತಿ ಕೇಂದ್ರವೆಂದು ಸಾರಿತು. ಅಮ್ಮ ಅರ್ಜಿ ಓದಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಸೂಜಿ ಎತ್ತಿ ತೋರಿಸಿ, “ಆಗಿದೆಯಪ್ಪ, ಕಾಜಾ ಒಂದೇ ಬಾಕಿ” ಎನ್ನುತ್ತಿದ್ದಳು. ಮಗನಿಗಿಂತ ಅವಳೇ ಚೆನ್ನಾಗಿ ಹೇಳುತ್ತಾಳೆ ಎಂದು ಜನ ಮೆಚ್ಚಿದರು. ಮುಂದಿನ ಚುನಾವಣೆಯಲ್ಲಿ ಪಕ್ಷಕ್ಕೆ ಇನ್ನೂ ಹೆಚ್ಚು ಸ್ಥಾನ ಬಂತು.

ಪಕ್ಷದ ಸಂಸ್ಥಾಪನಾ ದಿನ ಅದೇ ಕಿಟಕಿಯ ಕೆಳಗೆ ನಡೆಯುತ್ತದೆ. ಮುಖ್ಯ ಅತಿಥಿಯಾದ ಸ್ಥಾಪಕಿಯವರು ಅನುಕೂಲದ ದೃಷ್ಟಿಯಿಂದ ಮೇಲಿನಿಂದಲೇ ಭಾಗವಹಿಸುತ್ತಾರೆ. ಕಳೆದ ಸಲ ಬೀದಿ ತುಂಬ ಕೆಂಪು ಬಾವುಟ. ಮೇಷ್ಟ್ರು ಮೊದಲ ಸಂಪುಟದಿಂದ ಓದಿ ಕೂತರು. ಅಧ್ಯಕ್ಷರು ಮೈಕ್ ಹಿಡಿದು ಎದ್ದರು. ಭಾಷಣ ಮರೆತುಹೋಯಿತೋ, ಬೇಡವಾಯಿತೋ, ತಲೆಯೆತ್ತಿ ಕಿಟಕಿ ನೋಡಿದರು.

“ಅಮ್ಮಾ, ಇನ್ನೂ ಕೋಪಾನಾ?”

ಬೀದಿಯೇ ತಲೆಯೆತ್ತಿತು. ಅಮ್ಮ ಕಿಟಕಿಯಿಂದ ಬಗ್ಗಿ, ಮಗನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೂಜಿಯನ್ನು ಮೇಲೆತ್ತಿ ತೋರಿಸಿದಳು.

“ಇಲ್ಲ ಕಣೋ. ಎಲ್ಲ ಹೋಯ್ತು. ಕಾಜಾ ಒಂದೇ ಬಾಕಿ. ನಾಳೆ ಬಾ.”

ಜನ ಚಪ್ಪಾಳೆ ತಟ್ಟಿದರು. ಗುಮಾಸ್ತರು ಅದನ್ನು ಆಶೀರ್ವಚನ ಎಂದು ನಡಾವಳಿಯಲ್ಲಿ ಸೇರಿಸಿಕೊಂಡರು. ಟೈಲರ್ ಎಲ್ಲ ಗಿರಾಕಿಗಳ ಹಾಗೆ ತಲೆಯಾಡಿಸಿ, ಸರಿ ನಾಳೆ ಬರುತ್ತೇನೆ ಎಂದು ಹೇಳಿ, ಕಚೇರಿಗೆ ಹೋದ.